ಹಸಿರು ಬಾಗಿಲಿನ ಮನೆ

ನಮ್ಮ ಮನೆ ಗರುಡಾಚಾರ್‌ಪಾಳ್ಯದ ಹಳೆಯ ಊರಿನೊಳಗಿದೆ. ಮನೆಯ ಹಿಂದೆ ನನ್ನ ಮಾವನ ಕಾಲದಲ್ಲಿ ರಾಗಿ ಹೊಲವಿತ್ತು. ಈಗ ಅಲ್ಲಿ ಸಾಲಾಗಿ ಬಾಡಿಗೆ ಕೋಣೆಗಳಿವೆ. ಅವುಗಳಲ್ಲಿರುವವರು ಹೆಚ್ಚಾಗಿ ಯಾದಗಿರಿ, ರಾಯಚೂರು ಕಡೆಯವರು. ಗಂಡಸರು ಹೊಸ ಕಟ್ಟಡಗಳಿಗೆ ಬಣ್ಣ ಬಳಿಯುತ್ತಾರೆ, ಟೈಲ್ಸ್ ಹಾಕುತ್ತಾರೆ. ಹೆಂಗಸರು ಅದೇ ಕಟ್ಟಡಗಳು ಆಫೀಸುಗಳಾದ ಮೇಲೆ ಅಲ್ಲಿ ನೆಲ ಒರೆಸುತ್ತಾರೆ.

ಆ ಸಾಲಿನ ಮೊದಲ ಕೋಣೆಯಲ್ಲಿ ಗಂಡ, ಹೆಂಡತಿ ಮತ್ತು ಒಂದನೇ ಕ್ಲಾಸಿನಲ್ಲಿ ಓದುವ ಅವರ ಮಗಳು ಇದ್ದಾರೆ. ಈ ಬರಹ ಆ ಮಗಳ ವಿಷಯ. ನಾನು ಕಣ್ಣಾರೆ ಕಂಡದ್ದನ್ನು ಕಂಡ ಹಾಗೆ ಬರೆಯುತ್ತೇನೆ. ಕಾಣದ್ದನ್ನು ಯಾರಿಂದ ಕೇಳಿದೆ ಎಂದು ಹೇಳುತ್ತೇನೆ. ಹೆಸರುಗಳನ್ನು ಬಿಡುತ್ತೇನೆ.

ಆ ಕೋಣೆಗಳ ಮಕ್ಕಳನ್ನು ಕೂರಿಸಿ ಪಾಠ ಹೇಳುವವರು ಯಾರೂ ಇಲ್ಲ. ದೊಡ್ಡವರು ಕೆಲಸ ಮಾಡುವಾಗ ಪಕ್ಕದಲ್ಲಿ ಇಟ್ಟುಕೊಳ್ಳುತ್ತಾರೆ, ಅಷ್ಟೆ. ಟ್ಯಾಂಕರ್ ಬಂದಾಗ ಕೊಡ ತುಂಬುವ ಸದ್ದು ಕೇಳಿ ಇನ್ನೆಷ್ಟು ಬೇಕು ಎಂದು ಈ ಹುಡುಗಿ ಹೇಳಬಲ್ಲಳು. ಅವಳ ತಾಯಿ ಜೋಳದ ರೊಟ್ಟಿ ಬಡಿಯುವಾಗ ಸದ್ದಿನಲ್ಲೇ ಹಿಟ್ಟು ಗಟ್ಟಿಯಾಯಿತು ಎಂದು ತಿಳಿದು ನೀರಿನ ತಂಬಿಗೆ ಮುಂದೆ ಸರಿಸುತ್ತಾಳೆ. ಶಾಲೆಯಲ್ಲಿ ಅವಳಿಗೆ 'ಗಮನ ಕಡಿಮೆ' ಎಂದು ಬರೆದಿದ್ದಾರೆ. ಇರಬಹುದು. ನಾನು ಶಾಲೆಯಲ್ಲಿ ಅವಳನ್ನು ನೋಡಿಲ್ಲ.

ದಿನಾ ಸಂಜೆ ಊರಿನಿಂದ ಅವಳ ಅಜ್ಜಿ, ಅಂದರೆ ತಂದೆಯ ತಾಯಿ, ಫೋನ್ ಮಾಡುತ್ತಾರೆ. ಆ ಹೊತ್ತಿಗೆ ತಾಯಿ ರೊಟ್ಟಿ ಬಡಿಯುತ್ತಿರುತ್ತಾಳೆ. ಹಿಟ್ಟಿನ ಡಬ್ಬಕ್ಕೆ ಫೋನನ್ನು ಒರಗಿಸಿ ಸ್ಪೀಕರ್ ಹಾಕುತ್ತಾರೆ. ಹುಡುಗಿ ಎದುರಿಗೆ ಚಕ್ಕಳಮಕ್ಕಳ ಹಾಕಿ ಕೂರುತ್ತಾಳೆ.

"ಯಾರ ಮಗಳು ನೀ?" ಎಂದು ಅಜ್ಜಿ ಶುರುಮಾಡುತ್ತಾರೆ.

ಹುಡುಗಿ ತಂದೆಯ ಹೆಸರು ಹೇಳುತ್ತಾಳೆ.

"ಯಾರ ಮೊಮ್ಮಗಳು?"

ತಾತನ ಹೆಸರು.

"ಯಾವೂರು?"

ಊರು, ತಾಲ್ಲೂಕು.

"ಮನಿ ಎಲ್ಲದ?"

"ಹಣಮಪ್ಪನ ಗುಡಿ ಹಿಂದ, ಬೇವಿನ ಗಿಡದ ಬಾಜೂಕ, ಹಸರ ಬಾಗಲದ ಮನಿ. ಮುಂದ ಕೆಂಪ ಆಕಳ ಕಟ್ಟ್ಯಾರ."

ಎಲ್ಲಾದರೂ ತಡವರಿಸಿದರೆ ಅಜ್ಜಿ, "ಮತ್ತ ಮೊದಲಿಂದ," ಎನ್ನುತ್ತಾರೆ. ರೊಟ್ಟಿಯ ತಟ್ಟು ಮಾತ್ರ ನಿಲ್ಲುವುದಿಲ್ಲ. ಹುಡುಗಿ ಅದರ ಲಯಕ್ಕೇ ಹೇಳಿ ಮುಗಿಸುತ್ತಾಳೆ. ನಮ್ಮ ಅಡುಗೆಮನೆಯ ಕಿಟಕಿಗೆ ಇದೆಲ್ಲ ಚೆನ್ನಾಗಿ ಕೇಳಿಸುತ್ತದೆ. ಪಕ್ಕದ ಕೋಣೆಯ ಪೇಂಟರ್ ಹೊರಗಿನಿಂದ ಕೂಗುತ್ತಿದ್ದ: "ಏ ಯಕ್ಕಾ, ಇಕಿನ್ನ ಇಲೆಕ್ಷನ್ನಿಗಿ ನಿಂದರ್ಸು. ಭಾಷಣ ರೆಡಿ ಅದ."

ಇದು ಯಾಕೆ ಎಂದು ನಾನು ಒಮ್ಮೆ ತಾಯಿಯನ್ನು ಕೇಳಿದ್ದೆ.

"ನಮ್ಮ ಕಡೆ ಹಿಂಗೇರಿ ಅಕ್ಕಾರ," ಎಂದಳು. "ಕೂಸಿಗಿ ಮಾತು ಬಂತಂದ್ರ ಮೊದಲ ಇದ ಕಲಸೋದು. ಸಂತ್ಯಾಗ ಕೈತಪ್ಪಿ ಹೋದ್ರ ಯಾರರ ಕೇಳ್ತಾರಲ್ರಿ, ನೀ ಯಾರ ಪೈಕಿ ಅಂತ. ಹೇಳಿದ್ರ ಮನಿಗಿ ತಂದು ಬಿಡ್ತಾರ."

ಒಳ್ಳೆಯ ಪದ್ಧತಿ ಎನಿಸಿತು. ಈಗಲೂ ಹಾಗೇ ಅನ್ನಿಸುತ್ತದೆ. ಅದು ಯಾವ ಸಂತೆಗಾಗಿ ಹುಟ್ಟಿದ ಪದ್ಧತಿ ಎಂದು ನಮ್ಮಲ್ಲಿ ಯಾರೂ ಯೋಚಿಸಲಿಲ್ಲ.

ಆ ಭಾನುವಾರ ನನಗೆ ಶಿವಾಜಿನಗರದಲ್ಲಿ ಕೆಲಸವಿತ್ತು. ಮಗಳಿಗೆ ಶಾಲೆಯ ಶೂ ಕೊಳ್ಳಬೇಕು, ಅಂಗಡಿ ಗೊತ್ತಿಲ್ಲ ಎಂದು ತಾಯಿಯೂ ಮಗಳನ್ನು ಕರೆದುಕೊಂಡು ಜೊತೆಗೆ ಬಂದಳು. ಶೂ ಕೊಂಡೆವು. ಹುಡುಗಿ ಅದನ್ನು ಅಲ್ಲೇ ಹಾಕಿಕೊಂಡಳು, ಹಳೆಯ ಚಪ್ಪಲಿ ಡಬ್ಬದೊಳಗೆ ಹೋಯಿತು. ವಾಪಸು ಬರುವಾಗ ಟಿನ್ ಫ್ಯಾಕ್ಟರಿಯಲ್ಲಿ ಇಳಿದು ಇನ್ನೊಂದು ಬಸ್ಸು ಹಿಡಿಯಬೇಕು. ಸಂಜೆಯ ಜನ. ಬಸ್ಸು ಬಂದಾಗ ಚೀಲ ಹಿಡಿದು ನಾನು ಮೊದಲು ಹತ್ತಿದೆ. ನನ್ನ ಹಿಂದೆ ತಾಯಿ. ಅವಳ ಬಲಗೈಯಲ್ಲಿ ಮಗಳ ಮಣಿಕಟ್ಟು ಇದ್ದದ್ದನ್ನು ನಾನು ನೋಡಿದ್ದೇನೆ. ಆಮೇಲೆ ನಾಲ್ಕಾರು ಹೆಂಗಸರು ಒಟ್ಟಿಗೆ ನುಗ್ಗಿದರು. ಬಾಗಿಲು ಮುಚ್ಚಿತು. ಬಸ್ಸು ಹೊರಟಿತು.

ಸ್ವಲ್ಪ ಹೊತ್ತು ಏನೂ ಆಗಲಿಲ್ಲ. ಆಮೇಲೆ ಒಬ್ಬ ಹೆಂಗಸು, "ಅಕ್ಕಾ, ನನ್ ಮಗನ್ ಕೈ ಯಾಕ್ ಹಿಡ್ಕೊಂಡಿದೀರಾ?" ಎಂದಳು.

ತಾಯಿ ಕೆಳಗೆ ನೋಡಿದಳು. ಅವಳ ಕೈಯಲ್ಲಿದ್ದದ್ದು ಬೇರೊಬ್ಬರ ಹುಡುಗನ ಮಣಿಕಟ್ಟು. ಆ ಹುಡುಗ ಬಿಡಿಸಿಕೊಳ್ಳಲು ನೋಡಿರಲಿಲ್ಲ. ಹಿಡಿದುಕೊಂಡಿದ್ದಾರೆ, ಏನೋ ಕಾರಣವಿರಬೇಕು ಎಂಬಂತೆ ಸುಮ್ಮನೆ ನಿಂತಿದ್ದ.

ತಾಯಿ ಕೂಗಿದಳು. ಅದು ಮಾತಾಗಿರಲಿಲ್ಲ. ನಾನು ಡ್ರೈವರ್‌ಗೆ ಹೇಳಿದೆ. "ಬ್ರಿಡ್ಜ್ ಹತ್ರ ನಿಲ್ಸಕ್ಕಾಗಲ್ಲಮ್ಮಾ, ಹಿಂದೆ ನೋಡಿ ಎಷ್ಟ್ ಗಾಡಿ ಇದೆ. ಮಗೂನ ಮೇಲೆ ಹತ್ತಿಸ್ಕೊಂಡು ತಾನೇ ನೀವ್ ಹತ್ತೋದು?" ಎಂದರು. ಬೈಯುತ್ತಲೇ ಕೆ.ಆರ್. ಪುರದ ತೂಗುಸೇತುವೆ ದಾಟಿಸಿ, ನಿಲ್ಲಿಸಬಾರದ ಜಾಗದಲ್ಲಿ ನಿಲ್ಲಿಸಿ ಬಾಗಿಲು ತೆಗೆದರು. ನಾವು ಗಾಡಿಗಳಿಗೆ ಎದುರಾಗಿ ರಸ್ತೆಯ ಅಂಚಿನಲ್ಲಿ ಓಡಿ ವಾಪಸು ಬಂದೆವು. ದಾರಿಯಲ್ಲಿ ರೈಲ್ವೆ ಸ್ಟೇಷನ್ನಿಗೆ ಹೋಗುವ ರಸ್ತೆಯ ಬಾಯಿ ಸಿಗುತ್ತದೆ. ಅದನ್ನು ದಾಟಿಕೊಂಡೇ ಬಂದೆವು.

ಬಸ್ ಸ್ಟಾಪಿನಲ್ಲಿ ಹುಡುಗಿ ಇರಲಿಲ್ಲ.

ಅಲ್ಲಿ ನೂರಾರು ಜನ ಇದ್ದರು. ಬಸ್ಸುಗಳು ಬರುತ್ತಿದ್ದವು, ಜನ ಬದಲಾಗುತ್ತಿದ್ದರು. ಹೂ ಮಾರುವವಳು ನೋಡಿಲ್ಲ ಎಂದಳು. ಬಸ್ಸುಗಳ ಸಮಯ ಬರೆದುಕೊಳ್ಳುವ ನೌಕರ, "ಇಲ್ಲಿ ಯಾರ್ ಯಾರ್ ಮಗೂನ ಅಂತ ನೋಡೋದು," ಎಂದು ಹೇಳಿ, ಆಮೇಲೆ ಕುರ್ಚಿಯ ಮೇಲೆ ಹತ್ತಿ ನಿಂತು ಸುತ್ತ ನೋಡಿದ. ಹುಡುಗಿಯ ಗುರುತಿನ ಚೀಟಿ, ಅದರಲ್ಲಿದ್ದ ಫೋನ್ ನಂಬರ್, ಎರಡೂ ಯೂನಿಫಾರ್ಮಿನ ಜೊತೆ ಮನೆಯ ಮೊಳೆಯಲ್ಲಿ ನೇತಾಡುತ್ತಿದ್ದವು. ನನ್ನ ಫೋನಿನಿಂದ ಅವಳ ತಂದೆಗೆ ಹೇಳಿದೆ. ಅವರು ವೈಟ್‌ಫೀಲ್ಡ್ ಕಡೆ ಒಂದು ಕಟ್ಟಡದ ಮೇಲಿದ್ದರು. "ಬಂದೆ," ಎಂದರು, ಬೇರೇನೂ ಕೇಳಲಿಲ್ಲ.

ಟ್ರಾಫಿಕ್ ಪೊಲೀಸರೊಬ್ಬರು ಬಂದರು. ಫೋಟೋ ಕೇಳಿದರು, ತಮ್ಮ ಫೋನಿಗೆ ಕಳಿಸಿಕೊಂಡರು. ಮೈಮೇಲೆ ಏನಿತ್ತು ಎಂದು ಕೇಳಿದರು. "ಹೊಸಾ ಬೂಟ್ ಅವರಿ," ಎಂದಳು ತಾಯಿ. ಬಟ್ಟೆಯ ಬಣ್ಣ ಅವಳಿಗೆ ನೆನಪಾಗಲಿಲ್ಲ. ನನಗೂ ಆಗಲಿಲ್ಲ. ಈಗಲೂ ಆಗುವುದಿಲ್ಲ.

ಅಷ್ಟರಲ್ಲಿ ತಾಯಿಯ ಫೋನ್ ಬಡಿದುಕೊಂಡಿತು. ಅವಳು ನೋಡಿದಳು. ಅತ್ತೆಯದು.

"ನಾ ಎತ್ತಂಗಿಲ್ರಿ," ಎಂದಳು. "ಏನಂತ ಹೇಳ್ಲಿ? ಕೂಸಿನ ಕೊಡು ಅಂತಾರ."

ಅದು ಅಜ್ಜಿ ದಿನಾ ಫೋನ್ ಮಾಡುವ ಹೊತ್ತೇ ಆಗಿತ್ತು. ಫೋನ್ ನಿಂತಿತು. ಮತ್ತೆ ಬಡಿದುಕೊಂಡಿತು.

"ಯಾರಮ್ಮಾ ಅದು? ಎತ್ತಿ, ಮಗು ಸಿಕ್ತು ಅಂತ ಹೇಳಕ್ಕೆ ಮಾಡ್ತಿರಬೋದು," ಎಂದರು ಪೊಲೀಸರು.

"ನಮ್ಮ ಅತ್ತಿರಿ ಸಾರ್. ಊರಾಗ ಅದಾರ, ಯಾದಗಿರಿ ಕಡೆ."

"ಅಲ್ಲಿರೋರಿಗೆ ಏನ್ ಗೊತ್ತಿರತ್ತೆ. ಬಿಡಿ ಹಾಗಾದ್ರೆ, ಲೈನ್ ಫ್ರೀ ಇರ್ಲಿ," ಎಂದರು.

ಸರಿಯಾದ ಮಾತು ಎಂದು ಮೂವರಿಗೂ ಅನ್ನಿಸಿತು. ಫೋನ್ ಮತ್ತೆ ಮತ್ತೆ ಬಂತು. ಪ್ರತಿ ಸಲವೂ ತಾಯಿ ಅದನ್ನು ಎರಡು ಕೈಗಳ ನಡುವೆ ಒತ್ತಿ ಹಿಡಿದು, ನಿಲ್ಲುವ ತನಕ ಕಾಯುತ್ತಿದ್ದಳು. ಕೊನೆಗೆ ಒಂದು ಸಲ ನೋಡದೆ ಎತ್ತಿದಳು. ಗಂಡನದು ಎಂದುಕೊಂಡಿದ್ದಳಂತೆ. ಅಜ್ಜಿಯ ದನಿ ಸ್ಪೀಕರ್ ಇಲ್ಲದೆಯೂ ನನಗೆ ಕೇಳಿಸಿತು.

"ಏನವಾ, ಫೋನ್ ಯಾಕ ಎತ್ತವಲ್ಲಿ? ಕೂಸು ಅಲ್ಲಿ ರೈಲ್ವೆ ಟೇಶನ್ದಾಗ ಕುಂತದ. ನಮ್ಮ ಕಡೆ ಮಂದಿ ಸಂಗಟ ಅದ. ಅವರ ಗಾಡಿ ಬರ್ಲಾಕತ್ತದಂತ. ನೀ ಬರ್ತಿಯೋ, ಇಲ್ಲಾ ಅವರ ಸಂಗಟ ಇಲ್ಲಿಗೇ ಕಳಸ್ರಿ ಅಂತ ಹೇಳ್ಲ್ಯೋ?"

ತಾಯಿ ಫೋನನ್ನು ನನ್ನ ಕೈಗೆ ತುರುಕಿದಳು. ಓಡಿದಳು. ಉತ್ತರವನ್ನು ನಾನು ಓಡುತ್ತಾ ಕೊಟ್ಟೆ.

ಪ್ಲಾಟ್‌ಫಾರ್ಮಿನ ತುದಿಯಲ್ಲಿ ಗಾರೆ ಕೆಲಸದವರ ಒಂದು ಗುಂಪು ಚೀಲಗಳ ಮೇಲೆ ಕೂತಿತ್ತು. ನಡುವೆ ಹುಡುಗಿ ಕೂತು ರೊಟ್ಟಿ ತಿನ್ನುತ್ತಿದ್ದಳು. ಹೊಸ ಶೂ ಬಿಚ್ಚಿ ಪಕ್ಕದಲ್ಲಿ ಜೋಡಿಸಿ ಇಟ್ಟಿದ್ದಳು. ತಾಯಿಯನ್ನು ನೋಡಿ, "ಯವ್ವಾ, ನೀ ಬಸ್ಸಿನ್ಯಾಗ ಎಲ್ಲಿ ಹೋಗಿದ್ದಿ?" ಎಂದಳು. ಅದರಲ್ಲಿ ದೂರಿತ್ತು, ಭಯವಿದ್ದಂತೆ ನನಗೆ ಕಾಣಲಿಲ್ಲ. ನಾನು ತಪ್ಪಾಗಿ ನೋಡಿರಬಹುದು.

ಗುಂಪಿನ ಹಿರಿಯ ಹೆಂಗಸು ಹುಡುಗಿಯ ಹೆಗಲ ಮೇಲಿನ ಕೈ ತೆಗೆಯಲಿಲ್ಲ. "ತಡಿಯವಾ. ಹಂಗ ಕೊಡಾಕ ಬರಂಗಿಲ್ಲ. ನೀ ಯಾರು ಹೇಳು ಮೊದಲ," ಎಂದಳು.

ತಾಯಿ ಏದುಸಿರಿನಲ್ಲಿ ಹೇಳತೊಡಗಿದಳು. ಗಂಡನ ಹೆಸರು, ಮಾವನ ಹೆಸರು, ಊರು, ತಾಲ್ಲೂಕು. ಹಣಮಪ್ಪನ ಗುಡಿ ಹಿಂದೆ, ಬೇವಿನ ಗಿಡದ ಬಾಜೂಕ, ಹಸಿರು ಬಾಗಿಲಿನ ಮನೆ.

ಪಕ್ಕದಲ್ಲಿ ಫೋನ್ ಹಿಡಿದಿದ್ದ ಗಂಡಸು ತಲೆಯಾಡಿಸಿದ. "ಹಸರ ಅಲ್ಲ. ನೀಲಿ."

"ಹಸರ ಅದರಿ," ಎಂದಳು ತಾಯಿ.

"ನಮ್ಮ ಭಾಂವ ಈಗ ಅದೇ ಬಾಗಲದ ಮುಂದ ನಿಂತಾನವಾ. ನೀಲಿ ಅಂತ ಹೇಳ್ಲಾಕತ್ತಾನ."

ಫೋನಿನಿಂದ ಅಜ್ಜಿಯೇ ತೀರ್ಪು ಕೊಟ್ಟರು. ಕಿರಿಯ ಮಗನ ಮದುವೆಯಲ್ಲಿ ಬಾಗಿಲಿಗೆ ನೀಲಿ ಬಣ್ಣ ಹೊಡೆಸಿದ್ದರು. ಆಕಳನ್ನು ಅದಕ್ಕೂ ಮೊದಲೇ ಮಾರಿದ್ದರು. ಆ ಮದುವೆಗೆ ಸೊಸೆಗೆ ರಜೆ ಸಿಕ್ಕಿರಲಿಲ್ಲ, ಗಂಡ ಒಬ್ಬನೇ ಹೋಗಿ ಬಂದಿದ್ದ. ಮೊಮ್ಮಗಳಿಗೆ ಕಲಿಸುವ ಮಾತಿನಲ್ಲಿ ಮಾತ್ರ ಬಾಗಿಲು ಹಸಿರಾಗಿ, ಆಕಳು ಕಟ್ಟಿದಲ್ಲೇ ಉಳಿದಿದ್ದವು. ಬೈಕಿನಲ್ಲಿ ಹುಡುಕಿಕೊಂಡು ಹೋಗಿದ್ದ ಆ ಭಾವ ಮನೆಯ ಮುಂದೆಯೇ ಎರಡು ಸಲ ಹಾದುಹೋಗಿದ್ದನಂತೆ.

ಇಷ್ಟಾದ ಮೇಲೆ ಹೆಂಗಸು ಕೈ ತೆಗೆದಳು. ಮಗು ಸಿಕ್ಕಿತೆಂದು ನಾನು ಹುಡುಗಿಯ ತಂದೆಗೆ ಫೋನ್ ಮಾಡಿದೆ. ನಡೆದದ್ದನ್ನೂ ಅವಳೇ ಹೇಳಿದಳು. ಬಸ್ ಸ್ಟಾಪಿನಲ್ಲಿ ಹುಡುಗಿ ಅಳುತ್ತಿದ್ದಾಗ ಒಬ್ಬ ಆಟೋದವನು, "ಪಾಪಾ, ಎಲ್ಲಿ ನಿಮ್ದು ಮನೆ?" ಎಂದು ಕೇಳಿದ್ದಾನೆ. ಹುಡುಗಿ ಕಣ್ಣೊರೆಸಿಕೊಂಡು ಪೂರ್ತಿ ಒಪ್ಪಿಸಿದ್ದಾಳೆ. ಇಷ್ಟು ದೂರದ ಊರು ಅಂದರೆ ರೈಲಿಗೆ ಬಂದವರ ಮಗು, ತಂದೆತಾಯಿ ಸ್ಟೇಷನ್ನಿನಲ್ಲಿ ಹುಡುಕುತ್ತಿರುತ್ತಾರೆ ಎಂದು ಅವನು ಲೆಕ್ಕ ಹಾಕಿದ್ದಾನೆ. ಕರೆದುಕೊಂಡು ಬಂದು, ಆ ಕಡೆಯ ಮಾತು ಕೇಳಿಸಿದ ಗುಂಪಿಗೆ ಒಪ್ಪಿಸಿ ಹೋಗಿದ್ದಾನೆ. ಇವರು ಕೇಳಿದಾಗ ಹುಡುಗಿ ಮತ್ತೆ ಒಪ್ಪಿಸಿದ್ದಾಳೆ. ಪಕ್ಕದ ತಾಲ್ಲೂಕಿನವನೊಬ್ಬ ತನ್ನ ಭಾವನಿಗೆ ಫೋನ್ ಮಾಡಿದ್ದಾನೆ, ಭಾವ ಬೈಕ್ ತೆಗೆದಿದ್ದಾನೆ.

"ತಾಯಿ ಫೋನ್ ಎತ್ತವಲ್ಲಳು ಅಂತ ನಿಮ್ಮ ಅತ್ತಿ ಅಂದ್ರು," ಎಂದಳು ಹೆಂಗಸು. "ನಾವು ಏನ್ ಮಾಡಬೇಕವಾ? ಬಿಟ್ಟು ಹೋಗ್ಲಾಕ ಆಗ್ತದೇನ್? ಸಂಗಟ ಕರಕೊಂಡು ಹೋಗಿ ಮನಿ ಮುಟ್ಟಿಸೋಣು ಅಂತ ಮಾಡಿದ್ದಿವಿ."

ಅವರು ಮಾಡಲಿದ್ದದ್ದು ತಪ್ಪು ಎಂದು ನಾನು ಹೇಳಲಾರೆ. ರೈಲು ಬಂತು. ಅವರು ಚೀಲಗಳನ್ನು ಎತ್ತಿಕೊಂಡು ಹತ್ತಿದರು. ಹುಡುಗಿ ಶೂ ಹಾಕಿಕೊಂಡು ತಾನೂ ಅವರ ಹಿಂದೆ ಹೊರಟಳು. ಅಜ್ಜಿ ಮನೆಗೆ ಹೋಗುವುದೆಂದು ಆಗಲೇ ಮಾತಾಗಿತ್ತಲ್ಲ. ತಾಯಿ ಅವಳ ಮಣಿಕಟ್ಟು ಹಿಡಿದಳು. ಹಿಡಿದ ಮೇಲೆ ಬಗ್ಗಿ ನೋಡಿದಳು, ಯಾರದೆಂದು.

ಮನೆಗೆ ಬಂದ ಮೇಲೆ ಸ್ಪೀಕರ್ ಫೋನಿನಲ್ಲಿ ಜಗಳವಾಯಿತು. ಇಡೀ ಸಾಲು ಕೇಳಿಸಿಕೊಂಡಿತು.

"ನಾ ಕಲಿಸಿದ್ದಕ್ಕ ಕೂಸು ಸಿಕ್ತು," ಎಂದರು ಅಜ್ಜಿ.

"ನೀವು ಕಲಿಸಿದ್ದಕ್ಕ ಕೂಸು ಟೇಶನ್ನಿಗಿ ಹೋತು," ಎಂದಳು ಸೊಸೆ. ಅತ್ತೆಗೆ ಅವಳು ಎದುರು ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಎರಡೂ ನಿಜ. ಸಾಲಿನಲ್ಲಿ ಅರ್ಧ ಜನ ಅಜ್ಜಿಯ ಪಕ್ಷ, ಅರ್ಧ ಜನ ಸೊಸೆಯ ಪಕ್ಷ. ಪೇಂಟರ್ ಮಾತ್ರ ಎಂದಿನ ತಮಾಷೆ ಬಿಟ್ಟು ತನ್ನ ಇಬ್ಬರು ಹುಡುಗರನ್ನು ಕರೆದು, "ಮನಿ ಎಲ್ಲೈತ್ರಲೇ?" ಎಂದು ಕೇಳಿದ. ಅವರು ಸಿಂಧನೂರಿನ ಹತ್ತಿರದ ಒಂದು ಹಳ್ಳಿಯ ಹೆಸರು ಹೇಳಿದರು. ಅವರಿಬ್ಬರೂ ಹುಟ್ಟಿದ್ದು ಇಲ್ಲಿ, ಕೆ.ಆರ್. ಪುರದ ಆಸ್ಪತ್ರೆಯಲ್ಲಿ.

ಇಲ್ಲಿಯ ವಿಳಾಸ ಕಲಿಸೋಣ ಎಂದು ನಾನೇ ಹೇಳಿದೆ. ಮನೆ ನಂಬರ್, ಎಷ್ಟನೇ ಕ್ರಾಸ್, ಹಿಟ್ಟಿನ ಗಿರಣಿಯ ಎದುರು. ಮರುದಿನ ಸಂಜೆ ತಾಯಿ ರೊಟ್ಟಿ ಬಡಿಯುತ್ತಾ ಹೇಳಿಕೊಟ್ಟಳು. ಹುಡುಗಿ ಬೇಗ ಕಲಿತಳು. ಆಮೇಲೆ ನಾನು ಕೇಳಿದೆ: "ಎಲ್ಲಿ, ನಿಮ್ಮ ಮನೆ ಎಲ್ಲಿದೆ ಹೇಳು?"

"ಹಣಮಪ್ಪನ ಗುಡಿ ಹಿಂದ," ಎಂದಳು.

"ಅದಲ್ಲ. ಇದು. ಗಿರಣಿ ಎದುರು."

"ಅದು ನಿಮ್ಮ ಮನಿ," ಎಂದಳು. "ನಮ್ಮದಲ್ಲ. ಬಾಡಿಗಿದು."

ತಾಯಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು.

ಇದನ್ನು ಅವಳಿಗೆ ಯಾರೂ ಕೂರಿಸಿ ಕಲಿಸಿರಲಿಲ್ಲ. ಗೋಡೆಗೆ ಗೀಚಬೇಡ, ನಮ್ಮ ಮನೆ ಅಲ್ಲ. ಮೆಟ್ಟಿಲ ಮೇಲೆ ಆಡಬೇಡ, ಓನರ್ ಬೈತಾರೆ. ಇನ್ನೊಂದು ಮೊಳೆ ಹೊಡೆಯಬೇಡ, ಕೇಳಬೇಕು. ಬೆಳಗಿನಿಂದ ಸಂಜೆಯವರೆಗೆ ಆ ಸಾಲಿನಲ್ಲಿ ಓಡಾಡುವ ಮಾತುಗಳಿವು. ಒಂದು ಮೊಳೆ ಎಂಬ ನಿಯಮ ನಮ್ಮ ಮಾವನವರದು. ಅದು ಈಗಲೂ ಇದೆ. ಕೊಡದ ಸದ್ದಿನಲ್ಲಿ ನೀರಿನ ಮಟ್ಟ ತಿಳಿಯುವ ಮಗು ಇದನ್ನೂ ತಿಳಿದಿತ್ತು.

ಎರಡು ಮೂರು ದಿನ ತಾಯಿ ಏನೂ ಕಲಿಸಲಿಲ್ಲ. ಅಜ್ಜಿಯ ಫೋನ್ ಬಂದಾಗ ಪಾಠ ಕೇಳಬೇಡಿ ಎಂದೂ ಹೇಳಲಿಲ್ಲ. ಅಜ್ಜಿಯೇ ಕೇಳಲಿಲ್ಲ. ಊಟ ಆಯಿತೇ, ಶೂ ಕಚ್ಚುತ್ತದೆಯೇ ಎಂದು ಕೇಳಿ ಇಟ್ಟರು.

ಮುಂದಿನ ಭಾನುವಾರ ತಾಯಿ ನಮ್ಮ ಬಾಗಿಲಿಗೆ ಬಂದಳು. "ಅಕ್ಕಾರ, ಬರ್ತೀರೇನ್ರಿ ಸ್ವಲ್ಪ? ಟಿನ್ ಫ್ಯಾಕ್ಟರಿಗಿ ಹೋಗಿ ಬರೋಣು."

"ಏನ್ ಕೊಳ್ಳೋದಿದೆ?"

"ಏನಿಲ್ರಿ. ತಿರುಗಿ ಬರೂದಕ್ಕ ಹೋಗೋದು."

ಹೋದೆವು. ಅದೇ ಸ್ಟಾಪಿನಲ್ಲಿ ಇಳಿದೆವು. ತಾಯಿ ನನ್ನನ್ನು ನೋಡಲಿಲ್ಲ, ಮಗಳನ್ನು ನೋಡಿದಳು. "ಈಗ ನೀ ಮುಂದ, ನಾವು ಹಿಂದ," ಎಂದಳು. "ನಮಗ ಹಾದಿ ಗೊತ್ತಿಲ್ಲ. ಕರಕೊಂಡು ಹೋಗು."

ಹುಡುಗಿ ನಕ್ಕಳು. ಆಮೇಲೆ ಇದು ಆಟವಲ್ಲ ಎಂದು ತಿಳಿಯಿತು. ಬಸ್ಸುಗಳ ಬೋರ್ಡು ನೋಡಿದಳು, ಇನ್ನೂ ಅಷ್ಟು ಓದಲು ಬಾರದು. ಪಕ್ಕದಲ್ಲಿದ್ದ ಹೆಂಗಸನ್ನು, "ಗರುಡಾಚಾರ್‌ಪಾಳ್ಯ ಹೋಗ್ತದೇನ್ರಿ?" ಎಂದು ಕೇಳಿದಳು. ಕೇಳಿ ನಮ್ಮನ್ನು ಹತ್ತಿಸಿದಳು. ತಾನು ಮೊದಲು ಹತ್ತಿದಳು. ಇಳಿಯುವ ಸ್ಟಾಪು ಸರಿಯಾಗಿತ್ತು. ಅಲ್ಲಿಂದ ನಡಿಗೆ.

ಹಿಟ್ಟಿನ ಗಿರಣಿಗೆ ಹೋಗುವ ತಿರುವು ಬಂದಾಗ ಅವಳು ನೇರ ನಡೆದಳು. ನಾನು ಬಾಯಿ ತೆರೆದೆ. ತಾಯಿ ನನ್ನ ಮುಂಗೈ ಹಿಡಿದು ಒತ್ತಿದಳು. ನಾವು ನೇರ ನಡೆದೆವು. ಪ್ಯಾಕಿಂಗ್ ಕಾರ್ಖಾನೆಯ ಗೇಟು ದಾಟಿದೆವು. ಹುಡುಗಿಯ ಹೆಜ್ಜೆ ನಿಧಾನವಾಯಿತು. ಒಂದು ಬೀಡಾ ಅಂಗಡಿಯ ಮುಂದೆ ನಿಂತು, ಒಳಗಿದ್ದ ಹೆಂಗಸನ್ನು ಕೇಳಿದಳು.

"ನಮ್ಮ ಮನಿ ಎಲ್ಲದರಿ?"

"ಯಾವ್ದು ಪುಟ್ಟಾ ನಿಮ್ಮನೆ?"

ಹುಡುಗಿ ಬಾಯಿ ತೆರೆದು ಮುಚ್ಚಿದಳು. ನಮ್ಮ ಕಡೆ ತಿರುಗಿದಳು. ತಾಯಿ ಎದುರಿನ ಗೋಡೆಯ ಪೋಸ್ಟರನ್ನು ನೋಡುತ್ತಾ ನಿಂತಿದ್ದಳು.

"ಟ್ಯಾಂಕರ್ ಬರ್ತದಲ್ರಿ," ಎಂದಳು ಹುಡುಗಿ. "ಆ ಮನಿ."

"ಅಯ್ಯೋ, ಇಲ್ಲಿ ಎಲ್ಲಾರ್ ಮನೆಗೂ ಟ್ಯಾಂಕರೇ ಕಣಮ್ಮಾ ಬರೋದು," ಎಂದು ಅಂಗಡಿಯ ಹೆಂಗಸು ನಕ್ಕಳು. "ಇನ್ನೇನಾದ್ರೂ ಹೇಳು."

ಹುಡುಗಿ ಯೋಚಿಸಿದಳು. "ಹೊರಗ ಗಿರಣಿ ಸಪ್ಪಳ ಬರ್ತದ. ಒಳಗ ನಮ್ಮವ್ವ ರೊಟ್ಟಿ ಬಡಿತಾಳ."

"ಗಿರಣಿನಾ? ಅದು ಹಿಂದೆ ಉಳ್ಕೊಂಡ್ತಲ್ಲ. ತಿರುವಿಗೆ ಹೋಗು."

ಅವಳು ತಿರುಗಿದಳು. ನಾವು ದಾರಿ ಬಿಟ್ಟು ನಿಂತೆವು. ನಮ್ಮಿಬ್ಬರ ನಡುವೆ ಹಾದು ಮುಂದೆ ನಡೆದಳು. ತಿರುವಿನಲ್ಲಿ ನಿಂತು ಕಿವಿಗೊಟ್ಟಳು. ಭಾನುವಾರ ಗಿರಣಿ ಮುಚ್ಚಿರುತ್ತದೆ. ಅದನ್ನು ಹೇಳಬೇಕೆನಿಸಿತು, ಹೇಳಲಿಲ್ಲ. ತಾಯಿಯೂ ಹೇಳಲಿಲ್ಲ. ಅವಳ ಕೈ ಇನ್ನೂ ನನ್ನ ಮುಂಗೈ ಮೇಲಿತ್ತು. ಹುಡುಗಿ ಎಡಕ್ಕೆ ನೋಡಿದಳು, ಬಲಕ್ಕೆ ನೋಡಿದಳು. ಆಮೇಲೆ ಒಂದು ದಿಕ್ಕಿಗೆ ನಡೆಯತೊಡಗಿದಳು, ನಾವು ಬರುತ್ತಿದ್ದೇವೆಯೇ ಎಂದು ಒಮ್ಮೆ ಹಿಂದಿರುಗಿ ನೋಡಿ.

ನಾವು ಹಿಂದೆ ಹೋದೆವು.